ಹಳೆಯ ರೇಡಿಯೊ ಚಾಸಿಯ ಮುರಿದ ಕ್ಲಿಪ್‌ಗಳ ದುರಸ್ತಿ: ಅಧ್ಯಯನ ಟಿಪ್ಪಣಿ

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬಳಸುವ ಹಳೆಯ ರೇಡಿಯೊದ ಚಾಸಿಯಲ್ಲಿ, ಅಂದರೆ ಭಾಗಗಳನ್ನು ಕೂರಿಸಿದ ಲೋಹದ ಚೌಕಟ್ಟಿನಲ್ಲಿ, ಡಯಲ್ ಗಾಜನ್ನು, ವಾಲ್ವ್‌ನ ಲೋಹದ ಕವಚವನ್ನು, ಐ.ಎಫ್. (ಮಧ್ಯಂತರ ಆವರ್ತನ) ಟ್ರಾನ್ಸ್‌ಫಾರ್ಮರಿನ ಡಬ್ಬಿಯನ್ನು ಹಿಡಿದಿಡುವ ಕ್ಲಿಪ್‌ಗಳು ನೋಡಲು ತಗಡಿನ ತುಂಡುಗಳಂತಿದ್ದರೂ ಅವುಗಳ ಕೆಲಸ ಒಂದೇ ಅಲ್ಲ. ಕೆಲವು ಬಾಗಿ ಮತ್ತೆ ಸೆಟೆಯುವ ಸ್ಪ್ರಿಂಗ್‌ಗಳು, ಕೆಲವು ಬರೀ ಆಸರೆ. ಇನ್ನು ಕೆಲವು ಕವಚಕ್ಕೆ ಅರ್ಥ್ (ಚಾಸಿಯೊಂದಿಗೆ ವಿದ್ಯುತ್ ಸಂಪರ್ಕ) ಒದಗಿಸುವುದರಿಂದ ಅವು ಸಡಿಲಗೊಂಡರೆ ರೇಡಿಯೊ ಗುಂಯ್‌ಗುಡಬಹುದು, ಸಿಳ್ಳೆ ಹಾಕಲೂಬಹುದು. ಮುರಿದದ್ದು ಇವುಗಳಲ್ಲಿ ಯಾವುದೆಂದು ತಿಳಿಯದೆ ಬೆಸುಗೆ ಕಡ್ಡಿ ಹಿಡಿಯಬಾರದು.

ಕೆಲಸಕ್ಕೆ ಮೊದಲು ಪ್ಲಗ್ ಕಿತ್ತು, ವಿದ್ಯುತ್ ಹಿಡಿದಿಟ್ಟುಕೊಂಡಿರುವ ಫಿಲ್ಟರ್ ಕೆಪಾಸಿಟರುಗಳನ್ನು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಹಳದಿ ಛಾಯೆಯ ಲೇಪವಿದ್ದರೆ ಅದು ವಿಷಕಾರಿ ಕ್ಯಾಡ್ಮಿಯಂ ಆಗಿರಬಹುದಾದ್ದರಿಂದ ಉಜ್ಜುವುದೂ ಕಾಯಿಸುವುದೂ ಬೇಡ.

ಮುರಿದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಕಥೆ ಗೊತ್ತಾಗುತ್ತದೆ. ತುಕ್ಕು ಹಿಡಿದು ಕಪ್ಪಾದ ಭಾಗ ಬಹುಕಾಲದ ಬಿರುಕು. ಹೊಳೆಯುವ ಹರಳುಹರಳಾದ ಭಾಗ ಕೊನೆಗೆ ಪಟ್ಟನೆ ಮುರಿದದ್ದು. ಬಿರುಕು ಹುಟ್ಟುವುದು ಹೆಚ್ಚಾಗಿ ಚೂಪಾಗಿ ಬಾಗಿಸಿದ ಮೂಲೆಯಲ್ಲಿ ಅಥವಾ ರಿವೆಟ್ ರಂಧ್ರದ ಅಂಚಿನಲ್ಲಿ.

ಆಸರೆಯ ಕ್ಲಿಪ್ಪಾದರೆ ಹಿಂದೆ ಪಟ್ಟಿ ಇಟ್ಟು, ಒಂದರ ಮೇಲೊಂದು ಬರುವಂತೆ ಬೆಸೆದರೆ ಸಾಕು. ಸ್ಪ್ರಿಂಗ್ ಕ್ಲಿಪ್ಪಿಗೆ ಈ ಉಪಾಯ ನಡೆಯದು, ಏಕೆಂದರೆ 60/40 (ತವರ-ಸೀಸ) ಬೆಸುಗೆ ಮೆದು ಲೋಹವಾಗಿದ್ದು, ಬಾಗುವ ಜಾಗದಲ್ಲಿ ಕ್ರಮೇಣ ಬಿಟ್ಟುಕೊಳ್ಳುತ್ತದೆ; ಬೆಳ್ಳಿ ಬೆರೆತ ಲೋಹ ಕರಗಿಸಿ ಬೆಸೆಯುವ ಗಟ್ಟಿಯಾದ ಬೆಳ್ಳಿ ಬ್ರೇಜಿಂಗ್‌ಗೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಶಾಖ ಬೇಕಾಗಿ ಉಕ್ಕಿನ ಹದವೇ ಕೆಡುತ್ತದೆ. ಅಂಟಿನ ಬಗ್ಗೆ ನನಗೆ ಇನ್ನೂ ಕಡಿಮೆ ನಂಬಿಕೆ. ಹೊಸದನ್ನು ಮಾಡುವುದೇ ಮೇಲು.

ಅಳತೆಯಲ್ಲಿ ದಪ್ಪಕ್ಕೆ ಹೆಚ್ಚಿನ ಗಮನ ಕೊಡಬೇಕು. ಪಟ್ಟಿಯ ಬಿಗಿ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ 0.5 ಮಿ.ಮೀ. ಬದಲು 0.4 ಮಿ.ಮೀ. ಪಟ್ಟಿ ಹಾಕಿದರೆ ಹಿಡಿತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೈಕ್ರೋಮೀಟರ್ ಇಲ್ಲದೆ ಕಣ್ಣಳತೆಗೆ ಇಳಿದವರು ಎಡವುವುದು ಇಲ್ಲೇ. ಇಂಗಾಲ ಹೆಚ್ಚಿರುವ ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ ನಿಧಾನವಾಗಿ ಆರಲು ಬಿಟ್ಟರೆ ಅದು ಮೆತ್ತಗಾಗಿ, ಬೇಕಾದಂತೆ ಬಾಗುತ್ತದೆ. ಆಕಾರ ಬಂದ ಮೇಲೆ ಸುಮಾರು 800 ಡಿಗ್ರಿಗೆ, ಅಂದರೆ ಅಯಸ್ಕಾಂತಕ್ಕೆ ಅಂಟದಷ್ಟು ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಾಜಿನಂತೆ ಪೆಡಸಾಗಿರುತ್ತದೆ. ಮೇಲ್ಮೈ ಉಜ್ಜಿ ಹೊಳಪು ತಂದು, ಸುಮಾರು 300 ಡಿಗ್ರಿಗೆ ಮತ್ತೆ ಕಾಯಿಸುತ್ತ, ಹುಲ್ಲಿನ ಹಳದಿ, ಕಂದು, ನೇರಳೆ ದಾಟಿ ನೀಲಿ ಬಣ್ಣ ಬಂದಾಗ ನಿಲ್ಲಿಸಿದರೆ ಸ್ಪ್ರಿಂಗ್‌ನ ಹದ ಸಿಗುತ್ತದೆ.

ಈ ತೊಂದರೆ ಬೇಡವೆನ್ನುವವರು ಫಾಸ್ಫರ್ ಬ್ರಾಂಜ್ (ತಾಮ್ರ-ತವರದ ಮಿಶ್ರಲೋಹ) ಪಟ್ಟಿ ಬಳಸಬಹುದು. ಅದರ ಗಡಸುತನ ತಣ್ಣಗಿರುವಾಗಲೇ ಒತ್ತಿದ್ದರಿಂದ ಬಂದದ್ದಾಗಿರುವುದರಿಂದ ಕಾಯಿಸಬಾರದು, ಮಡಿಕೆಯ ಗೆರೆ ಪಟ್ಟಿಯನ್ನು ಒತ್ತಿದ ಉರುಳೆ ಅದರ ಮೇಲೆ ಬಿಟ್ಟ ಗೀರುಗಳಿಗೆ ಅಡ್ಡವಾಗಿ ಬರಬೇಕು.

ಹಳೆಯ ರಿವೆಟ್ ಕೊರೆಯುವಾಗ ಉದುರುವ ಲೋಹದ ಚೂರುಗಳು ವಾಲ್ವ್ ಸಾಕೆಟ್‌ಗೆ ಬಿದ್ದರೆ ಶಾರ್ಟ್ ಆಗುವುದರಿಂದ ಸುತ್ತಲೂ ಬಟ್ಟೆ ಮುಚ್ಚಿ, ರಿವೆಟ್ ಇದ್ದ ಜಾಗದಲ್ಲಿ ಎಂ3 (3 ಮಿ.ಮೀ.) ತಿರುಪನ್ನು ಹಲ್ಲಿನ ವಾಷರ್ ಸಹಿತ ಹಾಕಬೇಕು. ಕ್ಲಿಪ್ ಅರ್ಥ್‌ಗೂ ಸೇರಿದ್ದಾದರೆ ವಾಷರ್ ಕೂರುವಲ್ಲಿನ ತುಕ್ಕನ್ನು ಕೆರೆದು, ಕವಚ ಮತ್ತು ಚಾಸಿಯ ನಡುವಿನ ರೋಧ ಶೂನ್ಯದ ಹತ್ತಿರವಿದೆಯೇ ಎಂದು ಮೀಟರಿನಲ್ಲಿ ನೋಡಿಕೊಳ್ಳಬೇಕು.