ಹಳಿ ಕಿತ್ತ ಮೇಲೆ ಆ ನೆಲ ಯಾರದ್ದು?

ಹಳಿ ಕಿತ್ತು ಸೈಕಲ್ ದಾರಿ ಮಾಡಿದ ಹಳೆಯ ರೈಲು ಮಾರ್ಗದಲ್ಲಿ ತುಳಿಯುವವರಿಗೆ ಅಷ್ಟಾಗಿ ಏದುಸಿರು ಬರುವುದಿಲ್ಲ. ಉಕ್ಕಿನ ಚಕ್ರಕ್ಕೆ ಉಕ್ಕಿನ ಹಳಿಯ ಮೇಲೆ ಹಿಡಿತ ಕಡಿಮೆ. ಏರು ಜಾಸ್ತಿಯಾದರೆ ಎಂಜಿನ್ ಜಾರುತ್ತದೆ. ಅದಕ್ಕೇ ಉಗಿಬಂಡಿ ಕಾಲದ ಎಂಜಿನಿಯರುಗಳು, ಸಾಧ್ಯವಾದಲ್ಲೆಲ್ಲ, ನೂರು ಅಡಿ ದೂರಕ್ಕೆ ಒಂದೆರಡು ಅಡಿಗಿಂತ ಹೆಚ್ಚು ಏರು ಬಾರದಂತೆ ಗುಡ್ಡ ಕಡಿದರು, ತಗ್ಗಿಗೆ ಮಣ್ಣು ತುಂಬಿದರು, ಸುರಂಗ ಕೊರೆದರು. ಎಂಜಿನ್ನಿಗೆಂದು ಸುರಿದ ಆ ಹಣ ಈಗ ಮಕ್ಕಳಿಗೂ ಮಂಡಿನೋವಿನವರಿಗೂ ಒದಗುತ್ತಿದೆ.

ಅಮೆರಿಕದ ರೈಲು ಜಾಲ 1916ರಲ್ಲಿ ಸುಮಾರು 2,54,000 ಮೈಲಿ ಮುಟ್ಟಿ, ಆಮೇಲೆ ಕಾರು, ಲಾರಿಗಳೆದುರು ಕುಗ್ಗುತ್ತ ಬಂತು. ಬ್ರಿಟನ್ನಿನಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ಬೀಚಿಂಗ್ ಅವರ 1963ರ ವರದಿ ಸಾವಿರಾರು ಮೈಲಿ ಮಾರ್ಗವನ್ನು ಮುಚ್ಚಲು ಹೇಳಿತು. ಅದೇ ವರ್ಷ ಅಮೆರಿಕದಲ್ಲಿ ನಿಸರ್ಗ ಲೇಖಕಿ ಮೇ ವಾಟ್ಸ್ ‘ಷಿಕಾಗೋ ಟ್ರಿಬ್ಯೂನ್’ಗೆ ಪತ್ರ ಬರೆದು, ನಿಂತುಹೋದ ಎಲೆಕ್ಟ್ರಿಕ್ ರೈಲಿನ ಜಾಗವನ್ನು ಕಾಲುದಾರಿ ಮಾಡಿ ಎಂದರು. ಇಲಿನಾಯ್ ಪ್ರೇರಿ ಪಾತ್ ಹುಟ್ಟಿದ್ದು ಹಾಗೆ. 1967ರಲ್ಲಿ ವಿಸ್ಕಾನ್ಸಿನ್ ರಾಜ್ಯ ಎಲ್ರಾಯ್‌ನಿಂದ ಸ್ಪಾರ್ಟಾವರೆಗಿನ 32 ಮೈಲಿಯನ್ನು, ಮೂರು ಸುರಂಗಗಳ ಸಮೇತ, ಸೈಕಲ್‌ಗಳಿಗೆ ತೆರೆಯಿತು.

ಹಳಿ ಕಿತ್ತು ಜಲ್ಲಿ ಸಮ ಮಾಡುವುದು ಹೇಗೋ ಆಗುತ್ತದೆ. ತಕರಾರೆಲ್ಲ ನೆಲದ್ದು. ಅಮೆರಿಕದ ಎಷ್ಟೋ ಕಡೆ ರೈಲು ಕಂಪನಿಗಳಿಗೆ ಇದ್ದದ್ದು ದಾರಿಯ ಹಕ್ಕು ಮಾತ್ರ, ನೆಲದ ಒಡೆತನವಲ್ಲ. ರೈಲು ನಿಂತರೆ ಜಾಗ ಅಕ್ಕಪಕ್ಕದ ಜಮೀನಿನವರದ್ದು. ನಡುವಿನ ಒಂದು ತುಂಡು ಕೈತಪ್ಪಿದರೂ ದಾರಿ ಹರಿದಂತೆಯೇ. 1983ರಲ್ಲಿ ಸಂಸತ್ತು ಇದಕ್ಕೊಂದು ಜಾಣ ಉಪಾಯ ಹುಡುಕಿತು: ಮಾರ್ಗ ರದ್ದಾಗಿಲ್ಲ, ಮುಂದೆ ರೈಲು ಬರಬಹುದೆಂದು ಕಾಯ್ದಿರಿಸಲಾಗಿದೆ, ಅಲ್ಲಿಯವರೆಗೆ ಜನ ಓಡಾಡಲಿ. ಹಳಿಯೇ ಇಲ್ಲದ ‘ರೈಲು ಮಾರ್ಗ’! ರೈತರು ಸಿಟ್ಟಾದದ್ದರಲ್ಲಿ ಅನ್ಯಾಯವೇನಿಲ್ಲ. 1990ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು, ಆದರೆ ಭೂಮಾಲೀಕರು ಪರಿಹಾರ ಕೇಳಬಹುದು ಎಂದಿತು. ನನ್ನ ಮಟ್ಟಿಗೆ ಅದೇ ಸರಿಯಾದ ತೀರ್ಪು.

ಬ್ರಿಟನ್ನಿನ ಕಥೆ ಬೇರೆ. ಅಲ್ಲಿ ಜಾಗ ರೈಲ್ವೆಯದ್ದೇ, ಆದರೂ ಅದನ್ನು ತುಂಡುತುಂಡಾಗಿ ಮಾರಿದರು, ಸೇತುವೆಗಳನ್ನು ಕೆಡವಿದರು. ಉಳಿದಿದ್ದನ್ನು ಜನ ಹಿಡಿದುಕೊಂಡರು. ಬ್ರಿಸ್ಟಲ್–ಬಾತ್ ದಾರಿಯ ಕೆಲಸವನ್ನು 1979ರಲ್ಲಿ ಶುರುಮಾಡಿದ್ದು ಸ್ವಯಂಸೇವಕರೇ. ಐರ್ಲೆಂಡಿನಲ್ಲಿ 1937ರಲ್ಲಿ ಮುಚ್ಚಿದ ಮಾರ್ಗದ ನೆಲ ಕಾಲಕ್ರಮದಲ್ಲಿ ರೈತರ ಕೈಸೇರಿತ್ತು. ಅವರೇ ಒಪ್ಪಿ ದಾರಿ ಬಿಟ್ಟಿದ್ದರಿಂದ 42 ಕಿಲೋಮೀಟರಿನ ಗ್ರೇಟ್ ವೆಸ್ಟರ್ನ್ ಗ್ರೀನ್‌ವೇ ಆಯಿತು.

ಈಗ ಜಗಳ ತಿರುಗುಮುರುಗಾಗಿದೆ. ಹಳೆಯ ರೈಲು ಮಾರ್ಗದ ಮೇಲೆಯೇ ಮಾಡಿದ ಇಂಗ್ಲೆಂಡಿನ ಮಾನ್ಸಲ್ ಟ್ರೇಲ್ ದಾರಿಯ ಮುಚ್ಚಿದ್ದ ಸುರಂಗಗಳು 2011ರಲ್ಲಿ ತೆರೆದು ಜನ ಹರಿದುಬಂದರು. ಅಲ್ಲಿಗೆ ರೈಲನ್ನೇ ಮರಳಿ ತರಬೇಕೆಂದು ಒಂದು ಗುಂಪು ಕೇಳುತ್ತಿದೆ. ನಡೆಯುವವರೂ ಸೈಕಲ್‌ನವರೂ ದಾರಿ ಬಿಡಲು ಒಪ್ಪುತ್ತಿಲ್ಲ.