ಏಳನೇ ನಂಬರಿನ ಐರನ್‌ಗೆ ಎಷ್ಟು ಡಿಗ್ರಿ?

ಎರಡು ಬೇರೆ ಬೇರೆ ಗಾಲ್ಫ್ ಸೆಟ್‌ಗಳಿಂದ 7 ಐರನ್ (ಏಳನೇ ನಂಬರಿನ ಲೋಹದ ಕ್ಲಬ್) ತೆಗೆದು ಕೋನ ಅಳೆಯುವ ಗೇಜ್‌ಗೆ ಹಾಕಿ ನೋಡಿ. ಒಂದರ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿದ ಕೋನ, 35 ಡಿಗ್ರಿ, ಇನ್ನೊಂದರದು 28 ಎಂದು ಬಂದರೆ ಗೇಜ್ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡೂ ಹೊಸವೇ, ಎರಡೂ ತಯಾರಕರು ಉದ್ದೇಶಪಟ್ಟೇ ಕೊಟ್ಟ ಕೋನಗಳು. ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 4 ಡಿಗ್ರಿ ಅಂತರ ಎಂಬ ಹಳೆಯ ಲೆಕ್ಕ ಹಿಡಿದರೆ ಎರಡನೆಯದು ಹೆಚ್ಚುಕಡಿಮೆ 5 ಐರನ್. ಸೋಲ್ (ತಳ) ಮೇಲೆ ಮಾತ್ರ 7 ಎಂದೇ ಕೊರೆದಿರುತ್ತದೆ.

ಐರನ್‌ಗಳನ್ನು ಬಗ್ಗಿಸಿ ಕೋನ ಸರಿಮಾಡಿಸಿಕೊಳ್ಳಬೇಕೆ, ಎಷ್ಟು ಬಗ್ಗಿಸಬಹುದು, ಮುರಿಯುವುದಿಲ್ಲವೆ ಎಂದು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಸಿಗುತ್ತವೆ. ಅವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಾಲದ ಕ್ಲಬ್ಬನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿರುತ್ತಾರೆ.

ಮೊದಲು ಎರಡು ಕೋನಗಳ ವಿಷಯ. ಶಾಫ್ಟ್ (ಕ್ಲಬ್ಬಿನ ಕೋಲು) ನೇರವಾಗಿ ನಿಂತಾಗ ಕ್ಲಬ್ಬಿನ ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬುದು ಲಾಫ್ಟ್. ಚೆಂಡು ಎಷ್ಟು ಎತ್ತರಕ್ಕೆ, ಎಷ್ಟು ದೂರಕ್ಕೆ ಹೋಗುತ್ತದೆ ಎಂಬುದನ್ನು ಬಹುಪಾಲು ಇದೇ ತೀರ್ಮಾನಿಸುತ್ತದೆ. ಸೋಲ್ ನೆಲಕ್ಕೆ ಸರಿಯಾಗಿ ಕೂತಾಗ ಶಾಫ್ಟ್‌ಗೂ ನೆಲಕ್ಕೂ ನಡುವಿನ ಕೋನ ಲೈ. ಇಂದಿನ 7 ಐರನ್‌ಗಳಲ್ಲಿ ಇದು ಸಾಮಾನ್ಯವಾಗಿ 62ರಿಂದ 63 ಡಿಗ್ರಿ. ಕ್ಲಬ್ ಗಿಡ್ಡವಾಗುತ್ತ ಹೋದಂತೆ ಪ್ರತಿ ನಂಬರಿಗೆ ಸುಮಾರು ಅರ್ಧ ಡಿಗ್ರಿ ಏರುತ್ತದೆ. ಚೆಂಡಿಗೆ ತಾಗುವ ಹೊತ್ತಿಗೆ ಲೈ ಬೇಕಾದ್ದಕ್ಕಿಂತ ಅಪ್‌ರೈಟ್ (ಹೆಚ್ಚು ನೆಟ್ಟಗೆ) ಆಗಿದ್ದರೆ ಟೋ (ಹೆಡ್‌ನ ಹೊರತುದಿ) ಮೇಲೇಳುತ್ತದೆ, ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಡುತ್ತದೆ. ಫ್ಲ್ಯಾಟ್ (ಹೆಚ್ಚು ವಾಲಿ) ಆಗಿದ್ದರೆ ಹೀಲ್ (ಶಾಫ್ಟ್ ಕಡೆಯ ತುದಿ) ಮೇಲೇಳುತ್ತದೆ, ಚೆಂಡು ಬಲಕ್ಕೆ.

ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದ 1876ರಲ್ಲಿ ಈ ಎರಡು ಅಂಕಿಗಳನ್ನು ಯಾರೂ ಕೇಳುತ್ತಿರಲಿಲ್ಲ. ಸ್ಕಾಟ್ಲೆಂಡಿನ ಕಮ್ಮಾರರು ಬಡಿದು ಮಾಡಿದ ಹೆಡ್, ಹಿಕರಿ ಮರದ ಶಾಫ್ಟ್. ನಂಬರಿನ ಬದಲು ಕ್ಲೀಕ್, ನಿಬ್ಲಿಕ್ ಎಂಬ ಹೆಸರುಗಳು. ಒಬ್ಬನ ನಿಬ್ಲಿಕ್‌ಗೂ ಇನ್ನೊಬ್ಬನದಕ್ಕೂ ಕೋನ ಹೊಂದಲೇಬೇಕೆಂಬ ನಿರೀಕ್ಷೆಯೂ ಇರಲಿಲ್ಲ. 1920ರ ದಶಕದಲ್ಲಿ ಸ್ಟೀಲ್ ಶಾಫ್ಟ್ ಒಪ್ಪಿತವಾಯಿತು (ಬ್ರಿಟನ್‌ನಲ್ಲಿ ಆಟದ ನಿಯಮ ನೋಡಿಕೊಳ್ಳುವ ಸೇಂಟ್ ಆಂಡ್ರ್ಯೂಸ್‌ನ ಆರ್ ಅಂಡ್ ಎ ಒಪ್ಪಿದ್ದು 1929ರಲ್ಲಿ). ಒಂದೇ ರೀತಿಯ ಶಾಫ್ಟ್‌ಗಳನ್ನು ಕಾರ್ಖಾನೆಯಲ್ಲಿ ತಯಾರಿಸಲು ಸಾಧ್ಯವಾದ ಮೇಲೆ ನಂಬರಿನ ಸೆಟ್‌ಗಳು ಬಂದವು. 1938ರಲ್ಲಿ ಅಮೆರಿಕದಲ್ಲಿ, ಮರುವರ್ಷ ಬ್ರಿಟನ್‌ನಲ್ಲಿ ಚೀಲಕ್ಕೆ 14 ಕ್ಲಬ್ ಎಂಬ ಮಿತಿ ಬಿತ್ತು. ಇದ್ದ 14ರಲ್ಲೇ ಎಲ್ಲ ದೂರಗಳನ್ನೂ ಹಂಚಬೇಕಾದ್ದರಿಂದ ಕ್ಲಬ್ಬಿನಿಂದ ಕ್ಲಬ್ಬಿಗೆ ಕೋನದ ಅಂತರ ಮುಖ್ಯವಾಯಿತು. ಆ ಕಾಲದ ಐರನ್‌ಗಳು ಮೃದುವಾದ ಕಾರ್ಬನ್ ಸ್ಟೀಲ್‌ನ ಫೋರ್ಜಿಂಗ್‌ಗಳು, ಅಂದರೆ ಬಡಿದು ರೂಪಿಸಿದವು. ಕೋನ ತಪ್ಪಿದ್ದರೆ ಗಾಲ್ಫ್ ಕ್ಲಬ್ಬಿನ ಪ್ರೊ (ವೃತ್ತಿಪರ ಆಟಗಾರ) ತನ್ನ ವರ್ಕ್‌ಶಾಪ್‌ನಲ್ಲೇ ಬಗ್ಗಿಸಿ ಕೊಡುತ್ತಿದ್ದ. ಅದು ಗ್ರಿಪ್ ಬದಲಿಸಿದಷ್ಟೇ ಮಾಮೂಲು ಕೆಲಸ.

ಆ ರೂಢಿ ಬದಲಾದದ್ದು 1960ರ ದಶಕದ ಕೊನೆಯಿಂದ. ನಾರ್ವೆಯಲ್ಲಿ ಹುಟ್ಟಿ, ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರ್ ಆಗಿದ್ದ ಕಾರ್‌ಸ್ಟನ್ ಸೋಲ್‌ಹೈಮ್ 1967ರಲ್ಲಿ ಕೆಲಸ ಬಿಟ್ಟು ಪೂರ್ತಿಯಾಗಿ ಕ್ಲಬ್ ತಯಾರಿಕೆಗೆ ಇಳಿದರು. ಅವರ ಪಿಂಗ್ ಕಂಪನಿಯ ಐರನ್‌ಗಳಲ್ಲಿ ತೂಕ ಹೆಡ್‌ನ ಅಂಚುಗಳಿಗೆ ಹೋಯಿತು, ನಡುಮಧ್ಯೆ ತಾಗದ ಏಟೂ ಅಷ್ಟೊಂದು ಕೆಡುತ್ತಿರಲಿಲ್ಲ. ಅಂಥ ಆಕಾರ ಬಡಿದು ಮಾಡುವುದಕ್ಕಿಂತ ಮೇಣದ ಅಚ್ಚಿನ ಎರಕದಲ್ಲಿ ಸುಲಭ. ಎರಕಕ್ಕೆ ಒಗ್ಗಿದ ಲೋಹ 17-4 ಸ್ಟೇನ್‌ಲೆಸ್ ಸ್ಟೀಲ್. ಗಟ್ಟಿ, ತುಕ್ಕು ಹಿಡಿಯದು, ಆದರೆ ಬಗ್ಗಲು ಒಲ್ಲದು. ಒಂದು ಡಿಗ್ರಿಗೆ ಮಣಿದೀತು. ಎರಡಕ್ಕೆ ಹೋದರೆ ಹೋಸೆಲ್‌ನ (ಶಾಫ್ಟ್ ಕೂರುವ ಕೊರಳಿನ) ಬುಡದಲ್ಲಿ ಸೀಳು ಬಿಡುವ ಅಪಾಯ. ಬಿಸಿ ಮಾಡಿದರೆ ಬಗ್ಗುತ್ತದೆ, ಆದರೆ ಶಾಫ್ಟ್ ಹಿಡಿದಿರುವ ಎಪಾಕ್ಸಿ ಅಂಟು ಸಡಿಲಾಗುತ್ತದೆ, ಗ್ರಾಫೈಟ್ ಶಾಫ್ಟ್ ಇದ್ದರೆ ಅದೂ ಹಾಳು. ಬಗ್ಗಿಸುವುದು ಕಷ್ಟವಾದಾಗ ಕಂಪನಿ ಆಯ್ಕೆಯನ್ನೇ ಮುಂದಿಟ್ಟಿತು: ಆಟಗಾರನ ಎತ್ತರ, ಮಣಿಕಟ್ಟಿನಿಂದ ನೆಲಕ್ಕಿರುವ ಅಳತೆ ನೋಡಿ ಬಣ್ಣದ ಚುಕ್ಕೆಯ ಲೈ. ಕಪ್ಪು ಸ್ಟಾಂಡರ್ಡ್, ನೀಲಿ ಮತ್ತು ಹಸಿರು ಅಪ್‌ರೈಟ್ ಕಡೆಗೆ, ಕೆಂಪು ಮತ್ತು ಕಿತ್ತಳೆ ಫ್ಲ್ಯಾಟ್ ಕಡೆಗೆ. ಲೈ ಎಂಬುದು ಆಟಗಾರನಿಂದ ಆಟಗಾರನಿಗೆ ಬದಲಾಗಬೇಕು ಎಂಬ ತಿಳಿವಳಿಕೆ ಸಾಮಾನ್ಯ ಗಾಲ್ಫರ್‌ವರೆಗೆ ಮುಟ್ಟಿದ್ದು ಬಹುಮಟ್ಟಿಗೆ ಆ ಚುಕ್ಕೆಗಳಿಂದ. ‘ಎರಕದ ಕ್ಲಬ್ ಬಗ್ಗಿಸಲೇಬಾರದು’ ಎಂಬ ಇವತ್ತಿಗೂ ಕೇಳಿಬರುವ ಮಾತು ಹುಟ್ಟಿದ್ದೂ ಆ ಕಾಲದಲ್ಲೇ. ಆ ಮಾತು ಪೂರ್ತಿ ನಿಜವಲ್ಲ. ಎರಕದಲ್ಲೂ 431 ಸ್ಟೇನ್‌ಲೆಸ್, 8620 ಕಾರ್ಬನ್ ಸ್ಟೀಲ್‌ನಂಥ ಮೆದು ಲೋಹಗಳು ಬಂದವು. ಪಿಂಗ್‌ನದೇ ಕೆಲವು ಮಾದರಿಗಳ ಹೋಸೆಲ್‌ನಲ್ಲಿ ಬಾಗಲು ಅನುಕೂಲವಾಗಲೆಂದು ಸಣ್ಣ ಕಚ್ಚು ಕೊಟ್ಟರು. ಹೀಗೆ ಬಗ್ಗಿಸುವ ಬಾರ್ (ಸನ್ನೆಕೋಲು) ಮತ್ತೆ ವರ್ಕ್‌ಶಾಪ್‌ಗಳಿಗೆ ಮರಳಿತು.

ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿದರೆ ಅರ್ಧ ಗೊಂದಲ ಕರಗುತ್ತದೆ. ಸೋಲ್ ಮತ್ತು ಗ್ರೂವ್‌ಗಳ (ಮುಖದ ಮೇಲೆ ಕೊರೆದ ಗೆರೆಗಳ) ಮಣ್ಣು ತೆಗೆದು, ಹೆಡ್ಡನ್ನು ಮೆಷಿನ್ನಿನ ಹಿಡಿಕೆಯಲ್ಲಿ ಕೂರಿಸುತ್ತಾರೆ. ಸೋಲ್ ಉಬ್ಬಾಗಿರುವುದರಿಂದ ಅದನ್ನು ನಂಬಿ ಕೂರಿಸುವಂತಿಲ್ಲ. ಮುಖದ ಮೇಲಿನ ಗೆರೆಗಳು ನೆಲಕ್ಕೆ ಸಮಾನಾಂತರವಾಗಿರಬೇಕು. ಇಲ್ಲಿ ಒಂದು ಡಿಗ್ರಿ ತಪ್ಪಿದರೆ ಓದಿದ ಲೈ ಕೂಡ ಒಂದು ಡಿಗ್ರಿ ತಪ್ಪು. ಎರಡು ಮೆಷಿನ್‌ಗಳ ಅಂಕಿ ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ ಇದೇ. ಬೇರೆ ಕಡೆ ಅಳೆಸಿದ ಅಂಕಿ ಹಿಡಿದುಕೊಂಡು ಬಂದು ‘ಇದಕ್ಕೆ ಎರಡು ಡಿಗ್ರಿ ಸೇರಿಸಿ’ ಎನ್ನುವುದಕ್ಕಿಂತ, ಬಗ್ಗಿಸುವ ಮೆಷಿನ್ನಿನಲ್ಲೇ ಇಡೀ ಸೆಟ್ಟನ್ನು ಮೊದಲು ಅಳೆದು ಬರೆದುಕೊಳ್ಳುವುದು ಮೇಲು. ಹಾಗೆ ಅಳೆದಾಗ ಸಾಮಾನ್ಯವಾಗಿ ಕಾಣುವುದು: ಹೊಚ್ಚಹೊಸ ಸೆಟ್‌ನಲ್ಲೂ ಒಂದೆರಡು ಕ್ಲಬ್ ಒಂದು ಡಿಗ್ರಿ ಆಚೀಚೆ. ಕಾರ್ಖಾನೆಗಳು ಅಷ್ಟು ವ್ಯತ್ಯಾಸವನ್ನು ಒಪ್ಪಿತವೆಂದೇ ಪರಿಗಣಿಸುತ್ತವೆ. ಆದರೆ 8 ಐರನ್‌ನ ಲಾಫ್ಟ್ ಒಂದು ಡಿಗ್ರಿ ಹೆಚ್ಚಾಗಿ, 9ರದು ಒಂದು ಡಿಗ್ರಿ ಕಡಿಮೆಯಾದರೆ ನಡುವಿನ ನಾಲ್ಕು ಡಿಗ್ರಿ ಎರಡಾಗುತ್ತದೆ, ಎರಡೂ ಕ್ಲಬ್ ಹೆಚ್ಚುಕಡಿಮೆ ಒಂದೇ ದೂರ ಹೊಡೆಯುತ್ತವೆ.

ಬಾರ್‌ನ ಬಾಯಿಗೆ ಹಿತ್ತಾಳೆ ಅಥವಾ ಅಲ್ಯುಮಿನಿಯಂ ಪಟ್ಟಿ ಇರುತ್ತದೆ, ಕ್ರೋಮ್ ಗೀರದಿರಲಿ ಎಂದು. ಅದನ್ನು ಕಚ್ಚಿಸಬೇಕಾದ್ದು ಹೋಸೆಲ್‌ಗೆ, ಫೆರೂಲ್‌ನಿಂದ (ಹೋಸೆಲ್‌ನ ಬಾಯಿಯ ಮೇಲಿನ ಉಂಗುರದಿಂದ) ಕೆಳಗೆ. ಸ್ವಲ್ಪ ಮೇಲೆ ಹೋದರೂ ಬಲ ಶಾಫ್ಟ್‌ನ ತುದಿಗೆ ಬೀಳುತ್ತದೆ: ಸ್ಟೀಲ್ ಆದರೆ ಡೊಂಕಾಗುತ್ತದೆ, ಗ್ರಾಫೈಟ್ ಆದರೆ ಒಡೆಯುತ್ತದೆ. ಶಾಫ್ಟ್ ಇಲ್ಲದ ಬರೀ ಹೆಡ್ ಬಗ್ಗಿಸುವಾಗ ರಂಧ್ರದೊಳಗೆ ಉಕ್ಕಿನ ಪಿನ್ ತೂರಿಸಬೇಕು, ಇಲ್ಲದಿದ್ದರೆ ಹೋಸೆಲ್ ಚಪ್ಪಟೆಯಾಗಿ ಶಾಫ್ಟ್ ಕೂರುವುದೇ ಇಲ್ಲ. ಎಳೆತ ನಿಧಾನ, ಒಂದೇ ಸಮನೆ ಇರಬೇಕು. ಝಾಡಿಸಿ ಎಳೆದರೆ ಗಟ್ಟಿ ಲೋಹ ಸೀಳುತ್ತದೆ. ಲೋಹ ಸ್ವಲ್ಪ ಹಿಂದಕ್ಕೆ ಬರುತ್ತದೆ ಎಂಬ ಅಂದಾಜಿನಲ್ಲಿ ಬೇಕಾದ್ದಕ್ಕಿಂತ ತುಸು ಹೆಚ್ಚು ಎಳೆಯುತ್ತಾರೆ. ನಂತರ ಹಿಡಿಕೆ ಸಡಿಲಿಸಿ, ಹೆಡ್ಡನ್ನು ಹೊಸದಾಗಿ ಕೂರಿಸಿ ಅಳೆಯಬೇಕು. ಎಷ್ಟೋ ಸಲ ಬಗ್ಗಿದ್ದು ಲೋಹವಲ್ಲ, ಹಿಡಿಕೆಯೊಳಗೆ ಹೆಡ್ ಜಾರಿರುತ್ತದೆ. ಲೈ ಬಗ್ಗಿಸುವಾಗ ಲಾಫ್ಟ್ ಕೂಡ ತುಸು ಅಲುಗುತ್ತದೆ, ಲಾಫ್ಟ್ ಬಗ್ಗಿಸುವಾಗ ಲೈ. ಯಾವುದನ್ನು ಮುಟ್ಟಿದರೂ ಎರಡನ್ನೂ ಮತ್ತೆ ನೋಡದೆ ಕೆಲಸ ಮುಗಿದಂತಲ್ಲ. ಫೋರ್ಜ್ ಮಾಡಿದ ಮೆದು ಕಾರ್ಬನ್ ಸ್ಟೀಲ್ ಮೂರ್ನಾಲ್ಕು ಡಿಗ್ರಿಗೆ ಮಣಿಯುತ್ತದೆ. ಅದನ್ನೂ ಹಿಂದಕ್ಕೂ ಮುಂದಕ್ಕೂ ಪದೇ ಪದೇ ಬಗ್ಗಿಸಿದರೆ ಬಗ್ಗಿದ ಜಾಗ ಗಟ್ಟಿಯಾಗುತ್ತ ಹೋಗಿ ಒಂದು ದಿನ ಬಿರುಕು ಬಿಡುತ್ತದೆ.

ಈ ನಡುವೆ ಲಾಫ್ಟ್‌ಗಳು ಇಳಿಯುತ್ತ ಬಂದವು. 1970ರ ದಶಕದ ಸೆಟ್‌ಗಳಲ್ಲಿ ಪಿಚಿಂಗ್ ವೆಜ್ (9 ಐರನ್‌ನ ನಂತರದ, ಹತ್ತಿರದ ಏಟಿನ ಕ್ಲಬ್) 50 ಡಿಗ್ರಿಯ ಆಸುಪಾಸು. ಇಂದು ಹೊಸಬರಿಗೆಂದು ಮಾಡಿದ ಅನೇಕ ಸೆಟ್‌ಗಳಲ್ಲಿ 43, 44. ಇದಕ್ಕೆ ಒಂದು ನ್ಯಾಯವಾದ ಕಾರಣ ಇದೆ. ತೂಕ ಸೋಲ್‌ನ ಕಡೆಗೆ, ಹಿಂದಕ್ಕೆ ಸರಿದಂತೆ, ಮುಖ ತೆಳುವಾದಂತೆ ಚೆಂಡು ತಾನಾಗಿಯೇ ಎತ್ತರಕ್ಕೆ ಹೊರಡುತ್ತದೆ. ಹಳೆಯ ಲಾಫ್ಟ್ ಇಟ್ಟರೆ ಅದು ಬರೀ ಮೇಲಕ್ಕೇ ಹೋಗುತ್ತಿತ್ತು. ಲಾಫ್ಟ್ ತಗ್ಗಿಸಿದರೆ ಎತ್ತರ ಹಳೆಯದೇ, ದೂರ ಹೆಚ್ಚು. ಆದರೆ ಇಳಿಕೆಯೆಲ್ಲ ಈ ಕಾರಣಕ್ಕೇ ಆಯಿತೆ? ಅಂಗಡಿಯ ನೆಟ್ಟಿನೆದುರು ಹಳೆಯ 7ಕ್ಕಿಂತ ಹೊಸ 7 ಹದಿನೈದು ಗಜ ಮುಂದೆ ಹೋದರೆ ಮಾರಾಟ ಸುಲಭ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಒಬ್ಬರು ಇಳಿಸಿದ ಮೇಲೆ ಉಳಿದವರು ಸುಮ್ಮನಿರುವಂತಿರಲಿಲ್ಲ. ಉದ್ದವೂ ಅರ್ಧ ಇಂಚಿನಷ್ಟು ಬೆಳೆಯಿತು, ಲೈ ಒಂದೆರಡು ಡಿಗ್ರಿ ಅಪ್‌ರೈಟ್ ಆಯಿತು.

ಬೆಲೆ ತೆತ್ತದ್ದು ಸೆಟ್‌ನ ಕೆಳತುದಿ. ಅಮೆರಿಕದ ಆಟಗಾರ ಜೀನ್ ಸಾರಜೆನ್ ಸ್ಯಾಂಡ್ ಐರನ್ ಹಿಡಿದು 1932ರ ಬ್ರಿಟಿಷ್ ಓಪನ್ ಗೆದ್ದ ಮೇಲೆ ನೆಲೆಯೂರಿದ ಸ್ಯಾಂಡ್ ವೆಜ್ ಈಗಲೂ 54–56 ಡಿಗ್ರಿಯಲ್ಲೇ ಇದೆ, ಏಕೆಂದರೆ ಬಂಕರ್ (ಮರಳಿನ ಗುಂಡಿ) ಬದಲಾಗಿಲ್ಲ. ಪಿಚಿಂಗ್ ವೆಜ್ 44, ಸ್ಯಾಂಡ್ 56 ಎಂದರೆ ನಡುವೆ 12 ಡಿಗ್ರಿ ಬಯಲು. ಅದನ್ನು ತುಂಬಲು ಗ್ಯಾಪ್ ವೆಜ್ ಬಂತು, ಕೆಲವು ಸೆಟ್‌ಗಳಲ್ಲಿ ಅದಕ್ಕೂ ಎರಡು ಬೇಕು. ಇತ್ತ 4 ಐರನ್ 19–20 ಡಿಗ್ರಿಗೆ ಇಳಿದು, ಅದರಿಂದ ಹವ್ಯಾಸಿಗಳಿಗೆ ಚೆಂಡನ್ನು ಮೇಲಕ್ಕೆತ್ತಲಾಗದೆ ಸೆಟ್‌ನಿಂದಲೇ ಜಾರಿತು.

ಹಾಗಾದರೆ ಐರನ್‌ಗಳ ಲಾಫ್ಟನ್ನು ಬಗ್ಗಿಸಿ ಹಳೆಯ ಲೆಕ್ಕಕ್ಕೆ ತಂದರೆ? ಇಲ್ಲೇ ಹೆಚ್ಚಿನವರು ಎಡವುವುದು. ಲಾಫ್ಟ್ ಒಂದು ಡಿಗ್ರಿ ಇಳಿಸಿದರೆ ಬೌನ್ಸ್ (ಸೋಲ್ ನೆಲದಲ್ಲಿ ಹೂತುಹೋಗದಂತೆ ತಡೆಯುವ ಅದರ ಕೆಳಬಾಗಿನ ಕೋನ) ಕೂಡ ಒಂದು ಡಿಗ್ರಿ ಇಳಿಯುತ್ತದೆ, ಏರಿಸಿದರೆ ಏರುತ್ತದೆ. 56 ಡಿಗ್ರಿ ಲಾಫ್ಟ್, 10 ಡಿಗ್ರಿ ಬೌನ್ಸ್ ಇರುವ ವೆಜ್ಜನ್ನು 53ಕ್ಕೆ ತಂದರೆ ಬೌನ್ಸ್ 7. ಮೆತ್ತನೆಯ ಮಣ್ಣಿನಲ್ಲಿ, ಮರಳಿನಲ್ಲಿ ಅದು ಅಗೆಯತೊಡಗುತ್ತದೆ. ಲಾಫ್ಟ್ ಇಳಿಸಿದಾಗ ಆಫ್‌ಸೆಟ್ (ಮುಖದ ಮುಂಚೂಣಿಯ ಅಂಚು ಶಾಫ್ಟ್‌ಗಿಂತ ಹಿಂದಿರುವ ಅಳತೆ) ಹೆಚ್ಚುತ್ತದೆ, ಏರಿಸಿದಾಗ ಮುಂಚೂಣಿಯ ಅಂಚು ಶಾಫ್ಟ್‌ಗಿಂತ ಮುಂದೆ ಬಂದು ನೋಡಲು ವಿಚಿತ್ರವಾಗುತ್ತದೆ. ಟೊಳ್ಳು ಹೆಡ್, ತೆಳು ಮುಖದ ಐರನ್‌ಗಳಿಗೆ ತಯಾರಕರೇ ಒಂದೆರಡು ಡಿಗ್ರಿಯ ಮಿತಿ ಹಾಕಿರುತ್ತಾರೆ. ಆದ್ದರಿಂದ ಬಗ್ಗಿಸುವುದು ಸೆಟ್‌ನೊಳಗಿನ ಅಂತರ ಸಮ ಮಾಡಿಕೊಳ್ಳಲು ಒಳ್ಳೆಯದು, ಇಡೀ ಸೆಟ್‌ನ ವಿನ್ಯಾಸವನ್ನು ತಿರುಗಿಸಲು ಅಲ್ಲ. ಒಂದು ಡಿಗ್ರಿಗೆ ಎರಡರಿಂದ ಮೂರು ಗಜ ಎಂದು ಇಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ.

ಲೈ ವಿಷಯದಲ್ಲಿ ತಕರಾರು ಬೇರೆ ತರದ್ದು: ಹೇಗೆ ಗೊತ್ತುಮಾಡುವುದು? ಎತ್ತರದ ಚಾರ್ಟ್ ಒಂದು ಶುರುವಾತು ಅಷ್ಟೆ. ಸ್ವಿಂಗ್‌ನಲ್ಲಿ ಕೈ ಎಷ್ಟು ಎತ್ತರದಲ್ಲಿ ಬರುತ್ತದೆ, ಶಾಫ್ಟ್ ಕೆಳಕ್ಕೆ ಎಷ್ಟು ಬಾಗುತ್ತದೆ ಎಂಬುದು ಅದಕ್ಕೆ ತಿಳಿಯದು. ಸೋಲ್‌ಗೆ ಟೇಪ್ ಅಂಟಿಸಿ ಗಟ್ಟಿ ಬೋರ್ಡ್ ಮೇಲಿಂದ ಹೊಡೆಸುವುದು ಎರಡನೆಯ ದಾರಿ: ಗುರುತು ಹೀಲ್ ಕಡೆ ಬಿದ್ದರೆ ಅಪ್‌ರೈಟ್ ಹೆಚ್ಚಾಗಿದೆ, ಟೋ ಕಡೆ ಬಿದ್ದರೆ ಫ್ಲ್ಯಾಟ್. ಆದರೆ ಬೋರ್ಡ್ ಕಂಡೊಡನೆ ಕೆಲವರು ಸ್ವಿಂಗನ್ನೇ ಬದಲಿಸುತ್ತಾರೆ. ಸದ್ಯಕ್ಕೆ ಹೆಚ್ಚು ನಂಬಬಹುದಾದದ್ದು ಮಾರ್ಕರ್ ಗೆರೆ. ಚೆಂಡಿನ ಮೇಲೆ ಅಳಿಸಬಹುದಾದ ಮಾರ್ಕರ್‌ನಿಂದ ದಪ್ಪ ಗೆರೆ ಎಳೆದು, ಗೆರೆ ಕ್ಲಬ್ಬಿನ ಮುಖಕ್ಕೆ ಎದುರಾಗಿ ನೆಟ್ಟಗೆ ನಿಲ್ಲುವಂತೆ ಇಟ್ಟು ಹುಲ್ಲಿನ ಮೇಲಿಂದ ಹೊಡೆಯಬೇಕು. ಮುಖದ ಮೇಲೆ ಮೂಡಿದ ಗೆರೆ ಗ್ರೂವ್‌ಗಳಿಗೆ ಲಂಬವಾಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ ವಾಲಿದ್ದರೆ ಫ್ಲ್ಯಾಟ್ ಮಾಡಬೇಕು, ಹೀಲ್ ಕಡೆ ವಾಲಿದ್ದರೆ ಅಪ್‌ರೈಟ್. ಐದಾರು ಏಟು ಹೊಡೆದು, ಸರಿಯಾಗಿ ತಾಗಿದವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಲೈ ಒಂದು ಡಿಗ್ರಿ ತಪ್ಪಿದರೆ ನಾಲ್ಕು ಗಜ ಆಚೀಚೆ ಎಂಬ ಮಾತು ಫಿಟ್ಟಿಂಗ್ ಕೋಣೆಗಳಲ್ಲಿ ಓಡಾಡುತ್ತದೆ. ಬರೀ ರೇಖಾಗಣಿತ ಹಿಡಿದರೆ ಅಷ್ಟಾಗುವುದಿಲ್ಲ. ಲಾಫ್ಟ್ 42 ಡಿಗ್ರಿಯ 9 ಐರನ್‌ನಲ್ಲಿ ಲೈ ಎರಡು ಡಿಗ್ರಿ ತಪ್ಪಿದ್ದರೆ ಮುಖ ಸುಮಾರು 1.8 ಡಿಗ್ರಿ ಪಕ್ಕಕ್ಕೆ ನೋಡುತ್ತದೆ. 125 ಗಜದಲ್ಲಿ ಅದು ಹತ್ತಿರ ಹತ್ತಿರ 4 ಗಜ. ಅದೇ ತಪ್ಪು 26 ಡಿಗ್ರಿಯ 5 ಐರನ್‌ನಲ್ಲಾದರೆ ಮುಖ ತಿರುಗುವುದು ಒಂದು ಡಿಗ್ರಿಗಿಂತ ತುಸು ಕಡಿಮೆ, 170 ಗಜದಲ್ಲಿ ಸುಮಾರು 3 ಗಜ. ಲಾಫ್ಟ್ ಹೆಚ್ಚಿದಷ್ಟೂ ಲೈ ತಪ್ಪು ದುಬಾರಿ. ಆದರೂ ಅನೇಕರು ಐರನ್‌ಗಳ ಲೈ ಮಾತ್ರ ಸರಿಮಾಡಿಸಿ, ಬಿಡಿಯಾಗಿ ಕೊಂಡ ವೆಜ್‌ಗಳನ್ನು ಹಾಗೇ ಬಿಡುತ್ತಾರೆ. ಐರನ್ ಎಲ್ಲ ಎರಡು ಡಿಗ್ರಿ ಅಪ್‌ರೈಟ್, ವೆಜ್ ಮಾತ್ರ ಸ್ಟಾಂಡರ್ಡ್ ಎಂದರೆ ಧ್ವಜದ ಹತ್ತಿರ ಆಡುವ ಕ್ಲಬ್ಬೇ ಬಲಕ್ಕೆ ಎಳೆಯುತ್ತದೆ.

ಇದೆಲ್ಲ ಆಟ ಶುರುವಾಗುವ ಮೊದಲೇ ಆಗಬೇಕಾದ ಕೆಲಸ. ರೌಂಡ್ ನಡೆಯುತ್ತಿರುವಾಗ ಉದ್ದೇಶಪೂರ್ವಕವಾಗಿ ಕೋನ ಬದಲಿಸಿದ ಕ್ಲಬ್‌ನಿಂದ ಒಂದು ಏಟು ಹೊಡೆದರೂ ನಿಯಮ 4.1ರ ಪ್ರಕಾರ ಆಟಗಾರ ಅನರ್ಹ. ಫೋರ್ಜ್ ಮಾಡಿದ ಸೆಟ್ ಆಗಿದ್ದರೆ, ಅದರಲ್ಲೂ ಅಭ್ಯಾಸದ ರೇಂಜ್‌ನ ಗಟ್ಟಿ ಮ್ಯಾಟ್ ಮೇಲೆ ಹೆಚ್ಚು ಹೊಡೆಯುವವರಾದರೆ, ವರ್ಷಕ್ಕೊಮ್ಮೆ ಗೇಜ್‌ಗೆ ಹಾಕಿಸಿ. ಮೆದು ಹೋಸೆಲ್ ಏಟಿನಿಂದಲೇ ಅಲುಗುತ್ತದೆ. ಬಳಸಿದ ಸೆಟ್ ಕೊಳ್ಳುವವರಿಗೆ ಇನ್ನೊಂದು ಎಚ್ಚರ: ಹಿಂದಿನವರು ಬಗ್ಗಿಸಿದ್ದರೆ ಹೊರಗೆ ಗುರುತು ಸುಲಭಕ್ಕೆ ಕಾಣುವುದಿಲ್ಲ. ಬಣ್ಣದ ಚುಕ್ಕೆಯೂ ಅದನ್ನು ಹೇಳದು. 17-4ರ ಕ್ಲಬ್ ಆಗಲೇ ಒಂದೂವರೆ ಡಿಗ್ರಿ ಬಾಗಿದ್ದು, ನೀವು ಮತ್ತೆ ಒಂದೂವರೆ ಕೇಳಿದರೆ ಹೋಸೆಲ್ ತಾಳುವುದು ಕಷ್ಟ. ಬಾರ್ ಹಾಕಿಸುವ ಮೊದಲು ಅಳೆದ ಅಂಕಿಯನ್ನು ತಯಾರಕರ ಮೂಲ ಅಂಕಿಯ ಪಕ್ಕ ಇಟ್ಟು ನೋಡಿ, ಹೋಸೆಲ್‌ನ ಬುಡದಲ್ಲಿ ಕ್ರೋಮ್ ಸುಕ್ಕಾಗಿದೆಯೇ, ಕೂದಲೆಳೆಯ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ.