ಕ್ಯಾಪ್ಟನ್ ನಿಮ್ಮ ಮಾತು ಕೇಳದಿದ್ದರೆ?

ಏರ್‌ಲೈನ್ ಪೈಲಟ್ ಇಂಟರ್ವ್ಯೂಗೆ ಕರೆ ಬಂದ ಹುಡುಗ, ಹುಡುಗಿಯರು ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬರುತ್ತಿರುತ್ತಾರೆ. ಗೌರಿಬಿದನೂರು, ಶಿಡ್ಲಘಟ್ಟ, ಬಾಗೇಪಲ್ಲಿ ಕಡೆಯವರೂ ಇರುತ್ತಾರೆ. ಕೈಯಲ್ಲಿ ಪ್ರಶ್ನೋತ್ತರದ ದಪ್ಪ ಪ್ರಿಂಟ್‌ಔಟ್. ಕೂತ ಕೂಡಲೇ ಕೇಳುವುದು, "ಸರ್, ಟೆಕ್ನಿಕಲ್‌ನಲ್ಲಿ ಏನೇನು ಕೇಳ್ತಾರೆ?" ಹೇಳಿಕೊಡುತ್ತೇನೆ. ಆದರೆ ಕಾಕ್‌ಪಿಟ್‌ನಲ್ಲೂ ಆಯ್ಕೆ ಮಾಡುವವರ ಮೇಜಿನ ಹಿಂದೆಯೂ ಕೂತು ನೋಡಿದ್ದೇನೆ. ನಮ್ಮ ಕಡೆಯ ಮಕ್ಕಳಲ್ಲಿ ಗೊತ್ತಿದ್ದೂ ಬಾಯಿ ಬಿಡದೆ ಸೋಲುವವರೇ ಜಾಸ್ತಿ.

ಕರೆ ಬರುವ ಹೊತ್ತಿಗೆ ಕಾಗದಪತ್ರದ ಕೆಲಸ ಮುಗಿದಿರುತ್ತದೆ. 200 ಗಂಟೆ ಹಾರಾಟ ಮಾಡಿ ವಿಮಾನಯಾನದ ನಿಯಂತ್ರಕ ಡಿಜಿಸಿಎಯಿಂದ ಪಡೆದ ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಕ್ಲಾಸ್ 1 ಮೆಡಿಕಲ್, ರೇಡಿಯೊ ಲೈಸೆನ್ಸ್, ಮಲ್ಟಿ ಎಂಜಿನ್ ರೇಟಿಂಗ್, ಹೊರಗೆ ಏನೂ ಕಾಣದಾಗ ಮೀಟರು ನೋಡಿಯೇ ಹಾರಿಸುವ ಅರ್ಹತೆಯಾದ ಇನ್‌ಸ್ಟ್ರುಮೆಂಟ್ ರೇಟಿಂಗ್. ಇಷ್ಟಕ್ಕೇ 50 ಲಕ್ಷದ ಆಸುಪಾಸು ಖರ್ಚಾಗಿರುತ್ತದೆ. ಎಷ್ಟೋ ಮನೆಗಳ ಜಮೀನಿನ ಪತ್ರ ಬ್ಯಾಂಕಿನಲ್ಲಿರುತ್ತದೆ. ಆಮೇಲೆ ಏರ್‌ಲೈನ್‌ನವರ ಸರದಿ. ಲಿಖಿತ ಪರೀಕ್ಷೆ, ಕಂಪ್ಯೂಟರ್ ಮುಂದೆ ಕೂರಿಸಿ ಕೈ, ಕಣ್ಣಿನ ಚುರುಕು ನೋಡುವ ಆಪ್ಟಿಟ್ಯೂಡ್ ಟೆಸ್ಟ್, ಸ್ವಭಾವ ಅಳೆಯುವ ಸೈಕೋಮೆಟ್ರಿಕ್, ಗ್ರೂಪ್ ಟಾಸ್ಕ್, ಇಂಟರ್ವ್ಯೂ, ಕೆಲವು ಕಡೆ ಸಿಮ್ಯುಲೇಟರ್. ಸೈಕೋಮೆಟ್ರಿಕ್‌ನಲ್ಲಿ ಜಾಣತನ ತೋರಿಸಲು ಹೋಗಬೇಡಿ. ಒಂದೇ ವಿಷಯವನ್ನು ತಿರುಗಿಸಿ ಮುರುಗಿಸಿ ಕೇಳಿರುತ್ತಾರೆ, ಸುಳ್ಳು ತಾನಾಗಿಯೇ ಸಿಕ್ಕಿಬೀಳುತ್ತದೆ.

ಟೆಕ್ನಿಕಲ್ ಪ್ರಶ್ನೆ ಹೇಗಿರುತ್ತದೆ ಎನ್ನುವುದಕ್ಕೆ ನಮ್ಮೂರಿನ ಪಕ್ಕದ್ದೇ ಉದಾಹರಣೆ ಕೊಡುತ್ತೇನೆ. ದೇವನಹಳ್ಳಿಯ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಏಪ್ರಿಲ್ ಮಧ್ಯಾಹ್ನ, 34 ಡಿಗ್ರಿ ಬಿಸಿಲು. ಟೇಕಾಫ್‌ಗೆ ಏನು ವ್ಯತ್ಯಾಸ? "ಡೆನ್ಸಿಟಿ ಆಲ್ಟಿಟ್ಯೂಡ್ ಜಾಸ್ತಿ, ಪರ್ಫಾರ್ಮೆನ್ಸ್ ಕಮ್ಮಿ ಸರ್" ಅಂದು ಸುಮ್ಮನಾಗುತ್ತಾರೆ. ಉತ್ತರ ಸರಿಯೇ. ಬಿಸಿಗೆ ಗಾಳಿ ತೆಳುವಾಗಿ, ವಿಮಾನಕ್ಕೆ ಇನ್ನೂ ಎತ್ತರದಲ್ಲಿದ್ದ ಹಾಗಾಗುತ್ತದೆ, ಅದೇ ಡೆನ್ಸಿಟಿ ಆಲ್ಟಿಟ್ಯೂಡ್. ಆದರೆ ಎದುರಿಗೆ ಕೂತವರಿಗೆ ನಿಮ್ಮ ತಲೆ ಓಡಿದ ದಾರಿ ಕಾಣಲಿಲ್ಲವಲ್ಲ!

ಹೀಗೆ ಬಿಡಿಸಿ ಹೇಳಿ. ಗಾಳಿಯ ಒತ್ತಡ ಸ್ಟ್ಯಾಂಡರ್ಡ್ ಇದೆ ಅಂದುಕೊಳ್ಳುತ್ತೇನೆ. ಸ್ಟ್ಯಾಂಡರ್ಡ್ ಲೆಕ್ಕದಂತೆ ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಇಳಿದರೆ 3,000 ಅಡಿಯಲ್ಲಿ 9 ಇರಬೇಕು. ಈಗ 25 ಡಿಗ್ರಿ ಹೆಚ್ಚಿದೆ. ಡಿಗ್ರಿಗೆ ಹೆಚ್ಚುಕಡಿಮೆ 120 ಅಡಿಯಂತೆ ಇನ್ನೊಂದು 3,000 ಅಡಿ ಸೇರಿತು. ಅಂದರೆ ಎಂಜಿನ್ನಿಗೂ ರೆಕ್ಕೆಗೂ ಸಿಗುವುದು 6,000 ಅಡಿಯ ತೆಳು ಗಾಳಿ. ನಂದಿ ಬೆಟ್ಟದ ತುದಿಯೇ ಸುಮಾರು 4,850 ಅಡಿ, ಅದಕ್ಕಿಂತ ಮೇಲಿನದು! ಮೀಟರಿನಲ್ಲಿ ಅದೇ ಸ್ಪೀಡ್ ತೋರಿಸಿದರೂ ನಿಜವಾದ ವೇಗ ಶೇ. 9ರಷ್ಟು ಹೆಚ್ಚು. ಆ ವೇಗ ಮುಟ್ಟುವಷ್ಟರಲ್ಲಿ ರನ್‌ವೇ ಜಾಸ್ತಿ ಖರ್ಚಾಗುತ್ತದೆ, ಮೇಲಾಗಿ ಎಂಜಿನ್ನಿನ ಬಲವೂ ಕಡಿಮೆ. ಇಷ್ಟು ಹೇಳುವಾಗ ನಡುವೆ ಒಂದು ಲೆಕ್ಕ ತಪ್ಪಿದರೆ ಅವರೇ ತಿದ್ದುತ್ತಾರೆ. ದಾರಿ ಕಂಡರೆ ತಾನೇ ತಿದ್ದೋದು?

ಇಂಗ್ಲಿಷಿನ ಭಯಕ್ಕೆ ಒಂದು ಮಾತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಯುಸಿಗೆ ಬಂದ ಮೇಲೆ ಇಂಗ್ಲಿಷ್, ನಮ್ಮ ಗಡಿ ತಾಲೂಕಿನ ಮಕ್ಕಳ ಪಾಡು ಇದು. ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಇಂಗ್ಲಿಷ್ ಅಳತೆಯಲ್ಲಿ ಆರು ಮಟ್ಟಗಳಿವೆ. ಪೈಲಟ್‌ಗೆ ನಾಲ್ಕನೆಯದು ಸಾಕು. ನಿಮ್ಮ ಉಚ್ಚಾರಣೆಯಲ್ಲಿ ಊರಿನ ಧಾಟಿ ಇದ್ದರೆ ಇರಲಿ, ಹೇಳಿದ್ದು ಎದುರಿನವರಿಗೆ ತಿಳಿಯಬೇಕು, ಅಷ್ಟೇ. ಪಾಠವನ್ನು ಮೊದಲು ನಿಮ್ಮ ಅಮ್ಮನಿಗೆ ಕನ್ನಡದಲ್ಲೋ ತೆಲುಗಿನಲ್ಲೋ ವಿವರಿಸಿ. ಅವರು "ಅಂದ್ರೆ?" ಅನ್ನುವ ಕಡೆ ನಿಮಗೇ ಗಟ್ಟಿಯಿಲ್ಲ ಅಂತ ತಿಳಿಯಿರಿ. ಇಂಗ್ಲಿಷ್ ಆಮೇಲೆ.

ಇನ್ನು ನಾನು ಹೆಚ್ಚು ಹೊತ್ತು ಕೂರಿಸಿ ಕಲಿಸುವ ಪ್ರಶ್ನೆ. ನೀವು ಫಸ್ಟ್ ಆಫೀಸರ್, ಅಂದರೆ ಕ್ಯಾಪ್ಟನ್ ಪಕ್ಕದ ಕೋ-ಪೈಲಟ್. ವಿಮಾನ ಇಳಿಯುತ್ತಿದೆ, 1,000 ಅಡಿ ಬಂತು. ಸ್ಪೀಡ್ 20 ನಾಟ್ ಜಾಸ್ತಿ, ಇಳಿಯುವ ದಾರಿಗಿಂತ ಮೇಲಿದ್ದೀರಿ. ಕ್ಯಾಪ್ಟನ್ ಇಳಿಸುತ್ತಲೇ ಇದ್ದಾರೆ. ಏನು ಮಾಡ್ತೀರಿ?

"ಅವರು ಸೀನಿಯರ್ ಅಲ್ವಾ ಸರ್, ಅವರಿಗೆ ಅನುಭವ ಇರುತ್ತೆ" ಅನ್ನುವವರಿದ್ದಾರೆ. "ಸರ್, ಸ್ವಲ್ಪ ಹೈ ಇದೀವಾ ಅಂತ ಕೇಳ್ತೀನಿ" ಅನ್ನುವವರು ಇನ್ನೂ ಜಾಸ್ತಿ. ಹಿರಿಯರಿಗೆ ಎದುರು ಮಾತಾಡಬಾರದು ಅಂತ ಬೆಳೆದ ಮಕ್ಕಳು. ಆ ಸಂಸ್ಕಾರದ ಮೇಲೆ ನನಗೆ ಗೌರವವಿದೆ. ಆದರೆ 1,000 ಅಡಿಯಲ್ಲಿ ಸುತ್ತು ಬಳಸಿ ಮಾತಾಡಲು ಹೊತ್ತಿಲ್ಲ. "ಕ್ಯಾಪ್ಟನ್, ಅನ್‌ಸ್ಟೇಬಲ್, ಗೋ ಅರೌಂಡ್." ಸ್ಪೀಡು, ಎತ್ತರ ಹದದಲ್ಲಿಲ್ಲ, ಇಳಿಸುವುದು ಬಿಟ್ಟು ಮತ್ತೆ ಮೇಲೇರಿ ಎಂದು ಅರ್ಥ. ಇಷ್ಟೇ, ಸ್ಪಷ್ಟವಾಗಿ. ಗೌರವ ದನಿಯಲ್ಲಿದ್ದರೆ ಸಾಕು.

ಮೇಜಿನಾಚೆಯಿಂದ ಮುಂದಿನ ಪ್ರಶ್ನೆ ಬರುತ್ತದೆ: ಅವರು ಕೇಳದಿದ್ದರೆ?

ಇದು ಸುಮ್ನೆ ಕೇಳುವ ಪ್ರಶ್ನೆ ಅಂದುಕೊಳ್ಳಬೇಡಿ. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈನಿಂದ ಬಂದ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂದಿದ್ದರು, ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ ಎಂದು ತನಿಖಾ ವರದಿ ಹೇಳುತ್ತದೆ. ಆ ಫಸ್ಟ್ ಆಫೀಸರ್ ಬಾಯಿ ಬಿಟ್ಟಿದ್ದರು ಎನ್ನುವುದನ್ನು ಗಮನಿಸಿ. ಹೇಳಿದ ಮೇಲೆ ಮುಂದೇನು ಎನ್ನುವುದು ನಿಮ್ಮ ತಲೆಯಲ್ಲಿ ಮೊದಲೇ ಕೂತಿರಬೇಕು. ನಿಮ್ಮ ಉತ್ತರ ಹೀಗಿರಲಿ: ಮತ್ತೊಮ್ಮೆ ಗಟ್ಟಿಯಾಗಿ ಹೇಳುತ್ತೇನೆ. ಆಗಲೂ ಉತ್ತರವಿಲ್ಲ, ತಿದ್ದಿಕೊಳ್ಳುತ್ತಲೂ ಇಲ್ಲ ಅಂದರೆ ಕಂಪನಿಯ ನಿಯಮದಂತೆ "ಐ ಹ್ಯಾವ್ ಕಂಟ್ರೋಲ್ಸ್" ಅಂದು ವಿಮಾನವನ್ನು ಮೇಲೆತ್ತುತ್ತೇನೆ. ಇಳಿದ ಮೇಲೆ ವರದಿ ಕೊಡುತ್ತೇನೆ. ಮೊದಲ ಮಾತಿಗೇ ಕಂಟ್ರೋಲ್ ಕಿತ್ತುಕೊಳ್ಳುತ್ತೇನೆ ಅನ್ನುವವರನ್ನೂ ಯಾರೂ ಆರಿಸುವುದಿಲ್ಲ. ಈ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿದ್ದು ಅವರಿಗೆ ಕಾಣಬೇಕು.

ಇದು ಕೊನೇ ವಾರದಲ್ಲಿ ಬರುವ ಅಭ್ಯಾಸವಲ್ಲ. ಇಬ್ಬರು ಎರಡು ಕುರ್ಚಿ ಹಾಕಿಕೊಂಡು ಕೂತು, ಒಬ್ಬರು ಬೇಕಂತಲೇ ತಪ್ಪು ಮಾಡಿ, ಇನ್ನೊಬ್ಬರು ಬಾಯಿ ಬಿಟ್ಟು ತಡೆಯಿರಿ. ನಮ್ಮ ಮನೆಯಲ್ಲಿ ನಾನೇ ತಪ್ಪು ಮಾಡುವ ಕ್ಯಾಪ್ಟನ್ ಆಗುತ್ತೇನೆ. ಶುರುವಿನಲ್ಲಿ ಮಕ್ಕಳ ದನಿಯೇ ಏಳುವುದಿಲ್ಲ.

"ನಿಮ್ಮ ಬಗ್ಗೆ ಹೇಳಿ" ಅಂದಾಗ ಊರು, ಮನೆತನ ಮುಚ್ಚಿಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ರೇಷ್ಮೆ ಸಾಕುವ ಮನೆಯ ಹುಡುಗಿ ಹುಳು ಕೊನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಹೊತ್ತುಹೊತ್ತಿಗೆ ಎದ್ದು ಸೊಪ್ಪು ಹಾಕಿರುತ್ತಾಳೆ. ಒಂದು ಹೊತ್ತು ತಪ್ಪಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತು. ಅದನ್ನು ಹೇಳಲಿ. ನಸುಕಿನ ಮೂರು ಗಂಟೆಗೆ ಡ್ಯೂಟಿಗೆ ಬರುವವರನ್ನೇ ಅವರು ಹುಡುಕುತ್ತಿರುವುದು.

ಲಾಗ್‌ಬುಕ್ಕಿನ ಒಟ್ಟು ಗಂಟೆ ಹಿಂದಿನ ದಿನವೇ ಕೂಡಿ ನೋಡಿ. ಹಾರಾಟದಲ್ಲಿ ಗ್ಯಾಪ್ ಇದ್ದರೆ ಕಾರಣ ನೇರವಾಗಿ ಹೇಳಿ, ದುಡ್ಡಿಲ್ಲದೆ ನಿಂತಿದ್ದರೆ ಅದನ್ನೇ. ಫಲಿತಾಂಶಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಅಷ್ಟರಲ್ಲಿ ಮೆಡಿಕಲ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಅವಧಿ ಮುಗಿಯಲು ಬಿಡಬೇಡಿ. ಆಯ್ಕೆಯಾಗಿಯೂ ಇದೊಂದರಿಂದ ಬ್ಯಾಚ್ ತಪ್ಪಿಸಿಕೊಂಡವರಿದ್ದಾರೆ.